ಕ್ಯಾಚ್ ಬಿಟ್ಟದ್ದು ಕಣ್ಣಲ್ಲ

ದೈಹಿಕ ಶಿಕ್ಷಣ ಶಿಕ್ಷಕನಾಗಿ ಮೈದಾನದಲ್ಲಿ ನಾನು ಗಂಟಲು ಹರಿಯುವಂತೆ ಕೂಗಿದ ಮಾತು ಒಂದೇ: "ಚೆಂಡನ್ನೇ ನೋಡು!" ಕ್ಯಾಚ್ ಬಿಟ್ಟವರೆಲ್ಲ ನನ್ನ ಲೆಕ್ಕದಲ್ಲಿ ಕಣ್ಣು ತಪ್ಪಿಸಿದವರು.

ಏಳನೇ ತರಗತಿಯ ಒಬ್ಬ ಹುಡುಗಿ ಇದನ್ನು ಒಪ್ಪಲಿಲ್ಲ. "ನೋಡುತ್ತಲೇ ಇದ್ದೇನೆ ಸರ್, ಆದರೂ ಬಿದ್ದುಹೋಗುತ್ತದೆ" ಎಂದಳು. ಕಣ್ಣಿನ ಪರೀಕ್ಷೆ ಮಾಡಿಸಿದ್ದಾಯಿತು, ದೋಷವೇನೂ ಇರಲಿಲ್ಲ. ಮರುದಿನ ನಾನು ಚೆಂಡನ್ನು ಬಿಟ್ಟು ಅವಳನ್ನು ನೋಡಿದೆ. ಅವಳ ದೃಷ್ಟಿ ಚೆಂಡಿನಿಂದ ಕದಲಲೇ ಇಲ್ಲ. ಕೈ ಮಾತ್ರ ಸೊಂಟದ ಪಕ್ಕದಲ್ಲಿ, ಅವಳ ನೋಟಕ್ಕೆ ಸಿಗದ ಕಡೆ ಇತ್ತು. ಕೊನೆಯ ಗಳಿಗೆಯಲ್ಲಿ ಅದು ದಡಬಡಿಸಿ ಮೇಲೆದ್ದಿತು. ಚೆಂಡು ಮಣಿಕಟ್ಟಿಗೆ ಬಡಿದು ಹಾರಿತು.

ಆಮೇಲೆ ಹುಡುಕಿ ಓದಿದೆ. 1982ರಲ್ಲಿ ಸ್ಮಿತ್ ಮತ್ತು ಮ್ಯಾರಿಯಟ್ ಎಂಬ ಸಂಶೋಧಕರು, ಹಿಡಿಯುವವರಿಗೆ ಚೆಂಡು ಕಾಣುವಂತೆ, ಅವರದೇ ಕೈ ಕಾಣದಂತೆ ಅಡ್ಡ ಮರೆಯಿಟ್ಟು ಪರೀಕ್ಷಿಸಿದ್ದರು. ಕ್ಯಾಚ್‌ಗಳು ಗಣನೀಯವಾಗಿ ಕಡಿಮೆಯಾದವು. 1985ರಲ್ಲಿ ಫಿಶ್‌ಮನ್ ಮತ್ತು ಶ್ನೈಡರ್ ಅದೇ ಪರೀಕ್ಷೆಯನ್ನು ಪಳಗಿದವರು, ಹೊಸಬರು ಇಬ್ಬರ ಮೇಲೂ ಮಾಡಿ ನೋಡಿದರು.

ಓದಿದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಒಂದು ರಟ್ಟನ್ನು ಕೆನ್ನೆಯ ಪಕ್ಕ ಹಿಡಿಸಿ, ಒಂದೇ ಕೈಯಲ್ಲಿ ಹಿಡಿಯಲು ಹೇಳಿ, ಮೆತ್ತನೆಯ ಚೆಂಡು ಎಸೆದೆ. ಶಾಲಾ ತಂಡದ ಹುಡುಗನ ಅಂಗೈ ಸರಿಯಾದ ಜಾಗಕ್ಕೇ ಹೋಯಿತು, ಆದರೆ ಬೆರಳು ಮುಚ್ಚುವುದು ತಡವಾಗಿ ಚೆಂಡು ಜಾರಿತು. ಹುಡುಗಿಯ ಕೈ ಚೆಂಡಿನ ದಾರಿಗೇ ಬರಲಿಲ್ಲ. ಕೈ ಎಲ್ಲಿದೆ ಎಂಬುದನ್ನು ಕೀಲು, ಸ್ನಾಯುಗಳೇ ಹುಡುಗನಿಗೆ ತಿಳಿಸುತ್ತಿದ್ದವು. ಅವಳಿಗೆ ಅದನ್ನೂ ಕಣ್ಣೇ ಹೇಳಬೇಕಿತ್ತು. ಇಬ್ಬರೂ ಬಿಟ್ಟರು, ಬಿಟ್ಟ ಕಾರಣ ಬೇರೆ. ಇಷ್ಟು ವರ್ಷ ಎರಡಕ್ಕೂ ನಾನು ಒಂದೇ ಮದ್ದು ಕೊಟ್ಟಿದ್ದೆ.

ಕಂಡದ್ದಕ್ಕೆ ತಕ್ಕಂತೆ ಕೈ ತಿದ್ದಿಕೊಳ್ಳಲು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ಸೆಕೆಂಡಿಗೆ 10 ಮೀಟರ್ ವೇಗದ ಚೆಂಡು ಅಷ್ಟರಲ್ಲಿ ಒಂದು ಮೀಟರ್ ಸಾಗಿರುತ್ತದೆ. ಸೊಂಟದಿಂದ ಹೊರಟ ಕೈಗೆ ತಪ್ಪು ತಿದ್ದಿಕೊಳ್ಳಲು ಪುರುಸೊತ್ತೆಲ್ಲಿ?

ಈಗ ಹೊಸಬರಿಗೆ ಎಸೆಯುವ ಮೊದಲೇ ಕೈಗಳನ್ನು ಎದೆಯ ಮುಂದೆ, ಕಣ್ಣಂಚಿಗೆ ಕಾಣುವಂತೆ ಇರಿಸುತ್ತೇನೆ. ಚೆಂಡು ದೊಡ್ಡದು, ಎಸೆತ ನಿಧಾನ. ತಂಡದವರಿಗೆ ಬೆರಳು ಮುಚ್ಚುವ ಸಮಯದ ಅಭ್ಯಾಸ ಬೇರೆಯೇ ಇದೆ. ಮೂರನೇ ವಾರ ಆ ಹುಡುಗಿ ಸತತ ನಾಲ್ಕು ಹಿಡಿದಳು. ಐದನೆಯದು ಬಿದ್ದಾಗ ನಾನು ಬಾಯಿ ತೆರೆಯುವ ಮೊದಲೇ, "ಗೊತ್ತಾಯಿತು ಸರ್, ಕೈ ಕೆಳಗಿತ್ತು" ಎಂದಳು.