ಬುಡ ಕಾಣಬೇಕು

"ಏನಪ್ಪಾ, ಚಳಿಗೆ ಅಂತ ಹೊದಿಸಿದ್ದನ್ನ ಹೀಗೆ ಬಗೆದು ತೆಗೀತಿದ್ದೀಯಲ್ಲ, ಬೇರಿಗೆ ಶೀತ ಆಗಲ್ವಾ?"

"ಇದು ಬೇರಲ್ಲಮ್ಮ, ಬುಡ. ಬುಡ ಕಾಣಬೇಕು."

ಈ ವಾರ ವೃಕ್ಷೋದ್ಯಾನದ ಮ್ಯಾಗ್ನೋಲಿಯಾ ಹೂಮರಗಳ ಸಾಲಿನಲ್ಲಿ ಕಿವಿಗೆ ಬಿದ್ದ ಮಾತು ಇಷ್ಟೇ. ಕೇಳಿದವರು ವಯಸ್ಸಾದ ಹೆಂಗಸು, ಉತ್ತರ ಕೊಟ್ಟವನು ಮಂಡಿಯೂರಿ ಕೂತಿದ್ದ ಹುಡುಗ. ಅವನು ಕೈ ನಿಲ್ಲಿಸಲಿಲ್ಲ, ಸಿಡುಕಲೂ ಇಲ್ಲ. ಆಕೆಯ ಆತಂಕವೂ ನಿಜವಾದದ್ದೇ. ಮರದ ಮೇಲೆ ಪ್ರೀತಿ ಇಲ್ಲದವರು ನಿಂತು ಕೇಳುವುದಿಲ್ಲ. ತಪ್ಪಿರುವುದು ಮರದ ಚಕ್ಕೆಯನ್ನು ಹುತ್ತದ ಹಾಗೆ ಕಾಂಡಕ್ಕೆ ಒಟ್ಟಿ ಹೋದವರ ಕಡೆ. ದೂರದಿಂದ ಅದು ಅಚ್ಚುಕಟ್ಟಾದ ಆರೈಕೆಯಂತೆ ಕಾಣುತ್ತದೆ. ಹಾಗೆ ಕಾಣುವುದರಿಂದಲೇ ಯಾರೂ ತಡೆಯುವುದಿಲ್ಲ.

ಹುಡುಗ ಚಕ್ಕೆ ಸರಿಸಿದಾಗ ಒಳಗಿದ್ದದ್ದು ಕಂಡಿತು. ಮೇಲಿನ ತೊಗಟೆ ಬೂದು ಬಣ್ಣ, ಒಣಗಿ ಗಟ್ಟಿ. ಗುಡ್ಡೆಯ ಕೆಳಗಿನದು ಕಪ್ಪಾಗಿ, ಒದ್ದೆಯಾಗಿ, ಉಗುರು ಒತ್ತಿದರೆ ಒಳಗಿಳಿಯುವಷ್ಟು ಮೆತ್ತಗೆ. ಅದರಿಂದ ದಾರದಷ್ಟು ಸಣ್ಣ ಬಿಳಿ ಬೇರುಗಳು ಹೊರಟು ಚಕ್ಕೆಯೊಳಗೆ ಸುತ್ತುತ್ತಿದ್ದವು. ಕಾಂಡದ ತೊಗಟೆ ಗಾಳಿಯಲ್ಲಿ ಬದುಕಲು ಆದದ್ದು. ಸದಾ ತೇವದಲ್ಲಿ ಮುಳುಗಿದರೆ ಅದರ ಸಣ್ಣ ಉಸಿರುಗಂಡಿಗಳು ಕೆಲಸ ಮಾಡುವುದಿಲ್ಲ, ಕೊಳೆ ತರುವ ಶಿಲೀಂಧ್ರಗಳಿಗೆ ದಾರಿಯಾಗುತ್ತದೆ. ಚಳಿಗಾಲದಲ್ಲಿ ಇಲಿಗಳು ಆ ಬೆಚ್ಚನೆ ಗುಡ್ಡೆಯೊಳಗೆ ಕೂತು ತೊಗಟೆಯನ್ನು ಸುತ್ತಲೂ ಮೆಲ್ಲುತ್ತವೆ. ಪೂರ್ತಿ ಸುತ್ತು ಮೆದ್ದುಬಿಟ್ಟರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ. ಮರ ಆ ವರ್ಷ ಹೂ ಬಿಟ್ಟು, ಆಮೇಲೆ ಸೊರಗುತ್ತದೆ. ಆ ಸಣ್ಣ ಬೇರುಗಳದ್ದು ಇನ್ನೂ ನಿಧಾನದ ಕೇಡು: ಕಾಂಡವನ್ನು ಸುತ್ತಿಕೊಂಡು ದಪ್ಪವಾಗುತ್ತಾ ವರ್ಷಗಳ ನಂತರ ಅದನ್ನೇ ಬಿಗಿಯುತ್ತವೆ.

ಹಾಗಾದರೆ ಹೊದಿಕೆ ಬೇಡವೇ? ಬೇಕು, ಆದರೆ ಎತ್ತರಕ್ಕಲ್ಲ, ಅಗಲಕ್ಕೆ. ದಪ್ಪ 5ರಿಂದ 10 ಸೆಂ.ಮೀ. ಸಾಕು, ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಬೇಕು. ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮಣ್ಣಿನ ಮೇಲಿನ 30 ಸೆಂ.ಮೀ. ಒಳಗೇ ಇದ್ದು, ಕೊಂಬೆಗಳ ನೆರಳು ದಾಟಿ ಹೊರಗೂ ಹರಡಿರುತ್ತವೆ. ಆಕೆ ಕೇಳಿದ ಶೀತದ ಪ್ರಶ್ನೆಗೆ ಉತ್ತರ ಅಲ್ಲಿದೆ: ಹೊದಿಕೆ ಬೇಕಾದ ಬೇರು ಬುಡದಿಂದ ಆಚೆ ಇದೆ.

ತೆಗೆಯುವ ಕೆಲಸಕ್ಕೆ ಗುದ್ದಲಿ ತರಬಾರದು. ಮ್ಯಾಗ್ನೋಲಿಯಾದ ಬೇರು ದಪ್ಪ, ಮೆತ್ತಗೆ, ಸುಲಭವಾಗಿ ಮುರಿಯುತ್ತದೆ, ಗಾಯ ಮಾಯುವುದು ನಿಧಾನ. ಬರಿಗೈ, ಇಲ್ಲವೇ ಮೊಂಡು ಮರದ ತುಂಡು. ಕಾಂಡ ನೇರ ಕಂಬದಂತೆ ನೆಲಕ್ಕಿಳಿದಿದ್ದರೆ ಬುಡ ಇನ್ನೂ ಹೂತಿದೆ ಎಂದರ್ಥ. ಅದು ಅಗಲಗೊಂಡು ಬೇರಾಗಿ ಕವಲೊಡೆಯುವ ಜಾಗ ಕಾಣುವವರೆಗೂ ಸರಿಸಬೇಕು. ಸುತ್ತಿಕೊಂಡ ಸಣ್ಣ ಬೇರನ್ನು ಕತ್ತರಿಯಿಂದ ಆಗಲೇ ತೆಗೆಯಬಹುದು. ದಪ್ಪಗಿನವನ್ನು ಎಲ್ಲ ಒಂದೇ ಸಲ ಕಡಿದರೆ ಮರ ತಾಳದು, ವರ್ಷಕ್ಕೊಂದರಂತೆ ತೆಗೆಯುವುದು ಕ್ಷೇಮ.

ಆ ಸಾಲಿನವು ಸುಲಾಂಜಿಯಾನಾ ಮ್ಯಾಗ್ನೋಲಿಯಾಗಳು. ಫ್ರಾನ್ಸಿನ ಎತಿಯೆನ್ ಸುಲಾಂಜ್-ಬೋದಾಂ 1820ರಲ್ಲಿ ಎರಡು ಚೀನೀ ಜಾತಿಗಳನ್ನು ಕೂಡಿಸಿ ಬೆಳೆಸಿದ ಮಿಶ್ರತಳಿ, ಮೊದಲ ಹೂ 1826ರಲ್ಲಿ. ಮೊಗ್ಗಿಗೆ ರೋಮದ ಕವಚವಿದೆ, ಅರಳಿದ ಹೂವಿಗಿಲ್ಲ. ಒಂದು ರಾತ್ರಿ ಹಿಮ ಬಿದ್ದರೆ ಅರಳಿದ್ದೆಲ್ಲ ಕಂದು. ಹಾಗಾದ ಮರವನ್ನು ನೋಡಿ ಕತ್ತರಿ ಹಿಡಿಯುವವರ ಮೇಲೆ ನನಗೆ ಬೇಸರವಿದೆ. ಸತ್ತದ್ದು ಹೂವು, ಕೊಂಬೆಯಲ್ಲ. ಇದರ ಪಕ್ಕದಲ್ಲೇ ವಿಚ್ ಹೇಜಲ್ ಎಂಬ ಪೊದೆಯ ಹೂವಿನ ರಿಬ್ಬನ್ ಎಸಳುಗಳು ಚಳಿಗೆ ಸುರುಟಿಕೊಂಡು, ಬಿಸಿಲಿಗೆ ಮತ್ತೆ ಬಿಚ್ಚಿಕೊಳ್ಳುವುದನ್ನು ನೋಡಬೇಕು. ಅದರ ಆರೈಕೆ ಕಮ್ಮಿ. ಕಸಿಯ ಗಂಟಿನ ಕೆಳಗೆ ಚಿಗುರು ಬಂದರೆ ಬುಡಸಮೇತ ಕಿತ್ತುಬಿಡಬೇಕು. ಬಿಟ್ಟರೆ ಕೆಳಗಿನ ಗಿಡವೇ ಮೇಲಿನದನ್ನು ನುಂಗುತ್ತದೆ. ಅಲ್ಲೂ ಬುಡ ಕಾಣಬೇಕು.

ಕತ್ತರಿಗೂ ಕಾಲವಿದೆ. ಫಾರ್ಸಿಥಿಯಾ, ಲೈಲಾಕ್‌ನಂಥ ಹೂಪೊದೆಗಳು ಕಳೆದ ವರ್ಷದ ಕಡ್ಡಿಯಲ್ಲೇ ಮೊಗ್ಗು ಕಟ್ಟಿಟ್ಟಿರುತ್ತವೆ, ಹೂ ಬಿಡುವ ಮೊದಲೇ ಕತ್ತರಿಸಿದರೆ ಈ ವರ್ಷದ ಹೂವನ್ನೇ ಕತ್ತರಿಸಿದಂತೆ. ಹೂ ಉದುರಿದ ಕೂಡಲೇ, ಅತಿ ಹಳೆಯ ಕಾಂಡಗಳಲ್ಲಿ ಮೂರರಲ್ಲೊಂದನ್ನು ನೆಲಮಟ್ಟಕ್ಕೆ ತೆಗೆಯಬೇಕು. ಕೆಂಪು ಕಡ್ಡಿಯ ಡಾಗ್‌ವುಡ್ ಇದಕ್ಕೆ ತದ್ವಿರುದ್ಧ: ಬಣ್ಣವಿರುವುದು ಎಳೆ ಕಡ್ಡಿಗೆ, ಹಾಗಾಗಿ ಚಿಗುರೊಡೆಯುವ ಮೊದಲೇ ಗಿಡ್ಡ ಮಾಡಬೇಕು. ಹಿಮಬಿಂದು (ಸ್ನೋಡ್ರಾಪ್) ಹೂಗಳ ಎಲೆ ತಾನಾಗಿ ಹಳದಿಯಾಗುವವರೆಗೆ ಮುಟ್ಟಬಾರದು, ಮುಂದಿನ ವರ್ಷದ ಗೆಡ್ಡೆ ಆ ಎಲೆಯಿಂದಲೇ ತುಂಬುತ್ತದೆ.

ಆ ಹೆಂಗಸಿನ ಪ್ರಶ್ನೆ ಮತ್ತೆ ಮತ್ತೆ ನೆನಪಾಗುತ್ತಿದೆ. ಹಾಕಿದರೆ ಕಾಳಜಿ, ತೆಗೆದರೆ ಕ್ರೌರ್ಯ ಎಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿದೆ! ಎಳೆ ಮರಕ್ಕೆ ಕಟ್ಟಿದ ಊರುಗೋಲಿನದ್ದೂ ಅದೇ ಕಥೆ. ನೆಟ್ಟು ಒಂದು ವರ್ಷವಾದ ಮೇಲೂ ಬಿಟ್ಟರೆ ಕಾಂಡ ಗಾಳಿಗೆ ಆಡದೆ ಬಲ ಪಡೆಯುವುದಿಲ್ಲ, ಪಟ್ಟಿ ತೊಗಟೆಯೊಳಗೆ ಇಳಿಯುತ್ತದೆ. ಆದರೂ ಬಿಚ್ಚುವವನನ್ನೇ ಜನ ಪ್ರಶ್ನಿಸುತ್ತಾರೆ. ಕೊಂಬೆ ಕಡಿದ ಗಾಯಕ್ಕೆ ಬಣ್ಣ ಬಳಿಯುವುದೂ ಹಾಗೆಯೇ. ಸಾವಿರಾರು ಮರಗಳನ್ನು ಸೀಳಿ ನೋಡಿದ ಅಮೆರಿಕದ ವಿಜ್ಞಾನಿ ಅಲೆಕ್ಸ್ ಶಿಗೊ, ಮರ ಗಾಯವನ್ನು ಒಳಗಿನಿಂದ ಗೋಡೆ ಕಟ್ಟಿ ಬೇರ್ಪಡಿಸುತ್ತದೆ ಎಂದು ತೋರಿಸಿ ದಶಕಗಳಾದವು. ಕೊಂಬೆ ಕಾಂಡ ಸೇರುವಲ್ಲಿನ ಉಬ್ಬನ್ನು ಉಳಿಸಿ ಕಡಿದರೆ ಸಾಕು, ಉಳಿದದ್ದನ್ನು ಮರ ನೋಡಿಕೊಳ್ಳುತ್ತದೆ.

ಹುಡುಗ ಎದ್ದವನು ಹೆಸರಿನ ಫಲಕದತ್ತ ತಿರುಗಿದ. ಫಲಕ ಮತ್ತು ಸ್ಕ್ರೂ ತಲೆಯ ನಡುವಿನ ಸ್ಪ್ರಿಂಗ್ ಪೂರ್ತಿ ಅಮುಕಿಹೋಗಿತ್ತು. ಮರ ದಪ್ಪವಾದಷ್ಟೂ ಅದು ಕುಗ್ಗುತ್ತದೆ, ಕೊನೆಗೆ ತೊಗಟೆ ಫಲಕವನ್ನೇ ನುಂಗುತ್ತದೆ. ಸ್ಕ್ರೂವನ್ನು ನಾಲ್ಕು ಸುತ್ತು ಸಡಿಲಿಸಿ ಮುಂದಿನ ಮರಕ್ಕೆ ಹೋದ. ಸರಿಸಿದ ಚಕ್ಕೆ ಜೋರು ಮಳೆಗೆ ಮತ್ತೆ ಕಾಂಡದತ್ತ ಜಾರುತ್ತದೆ, ಹಾಗಾಗಿ ಎಲೆ ಬಿಡುವ ಹೊತ್ತಿಗೆ ಇಡೀ ಸಾಲನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ.