ಕೀ ಯಾರ ಕೈಗೆ? ನಮ್ಮ ವಿವಿ ಗಾಡಿಗಳ ಆರು ವಾರದ ಕೆಲಸ

ನಮ್ಮ ವಿಶ್ವವಿದ್ಯಾಲಯದ ವಾಹನ ವಿಭಾಗದ ಹೊಣೆ ನನ್ನ ಹೆಗಲಿಗೆ ಬಂದು ಆರು ವಾರ ಆಯಿತು. ಪಾಠ ಮಾಡೋದರ ಜೊತೆಗೆ ಇದು ಹೆಚ್ಚುವರಿ ಕೆಲಸ. ಮೂರು ಬಸ್ಸು, ಎರಡು ಮಿನಿ ಬಸ್ಸು, ಜೀಪು-ಕಾರು ಸೇರಿ ಏಳು, ಎರಡು ಟ್ರ್ಯಾಕ್ಟರ್, ಹೀಗೆ ಒಟ್ಟು 14 ಗಾಡಿ. ಚಾಲಕರು 11 ಜನ. ಐವರು ಕಾಯಂ, ಉಳಿದವರು ಹೊರಗುತ್ತಿಗೆ. ಯಾರು ಯಾವ ಗಾಡಿ ಓಡಿಸಬಹುದು ಅನ್ನೋದು ಒಂದೇ ಹಾಳೆಯಲ್ಲಿ ಇರಬೇಕು, ಆ ಹಾಳೆಯಲ್ಲಿ ಹೆಸರಿಲ್ಲದವರಿಗೆ ಕೀ ಸಿಗಬಾರದು. ನಾನು ಹಿಡಿದ ಕೆಲಸ ಇಷ್ಟೇ.

ಇದು ಶುರುವಾಗಿದ್ದು ಒಂದು ಬೊಲೆರೊದಿಂದ. ಹೊಲದ ಪ್ರಯೋಗ ನೋಡಲು ಹೋದ ತಂಡ ವಾಪಸ್ ಬರುವಾಗ ಚಾಲಕರಿಗೆ ಚಳಿಜ್ವರ ಬಂತು. ಪಿಎಚ್‌ಡಿ ಮಾಡುವ ಹುಡುಗನೊಬ್ಬ ಸ್ಟೇರಿಂಗ್ ಹಿಡಿದು 60 ಕಿಮೀ ಓಡಿಸಿಕೊಂಡು ಬಂದ. ಏನೂ ಆಗಲಿಲ್ಲ. ಅವನ ಹತ್ತಿರ ಕಾರಿನ ಲೈಸೆನ್ಸ್ ಇತ್ತು, ಕೈಯೂ ಪಳಗಿದೆ. ಆದರೆ ಲೈಸೆನ್ಸ್ ಇದೆ ಅನ್ನೋದು ನಮಗೆ ಗೊತ್ತಾಗಿದ್ದೇ ಮಾರನೇ ದಿನ, ನಾನು ಕರೆದು ಕೇಳಿದಾಗ. ಇಲ್ಲದೇ ಇದ್ದಿದ್ದರೆ? ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ವಾರ 1

ಮೊದಲು ಕೀ ಬೋರ್ಡ್. ಕಚೇರಿ ಬಾಗಿಲ ಪಕ್ಕದ ಹಲಗೆಗೆ ಮೊಳೆ ಹೊಡೆದು ಕೀ ನೇತು ಹಾಕಿದ್ದರು. ಯಾರು ಬೇಕಾದರೂ ಬಂದು ತೆಗೆದುಕೊಳ್ಳಬಹುದಿತ್ತು. ಈಗ ಅದು ಬೀಗ ಇರುವ ಕಪಾಟಿನೊಳಗೆ ಹೋಗಿದೆ. ಕೀ ಕೊಟ್ಟ ಹೊತ್ತು, ತಗೊಂಡವರ ಸಹಿ, ಮೀಟರ್ ಓದು, ಮೂರನ್ನೂ ಪೆನ್ನಿನಲ್ಲೇ ಬರೆಯಬೇಕು. ಹಳೆಯ ಲಾಗ್‌ಬುಕ್‌ಗಳಲ್ಲಿ ಪೆನ್ಸಿಲ್ ಬರಹ ಎಷ್ಟಿತ್ತು ಅಂದರೆ, ಕೆಲವು ಪುಟ ಅಳಿಸಿ ಅಳಿಸಿ ಹಾಳೆಯೇ ಸವೆದು ಹೋಗಿತ್ತು.

ವಾರ 2

ಈ ವಾರದ ಕೆಲಸ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿತು.

ಚಾಲಕರ ಲೈಸೆನ್ಸನ್ನು ಜೆರಾಕ್ಸ್ ಬಿಟ್ಟು ಮೂಲ ಕಾರ್ಡನ್ನೇ ಕೈಯಲ್ಲಿ ಹಿಡಿದು ನೋಡಬೇಕು ಅಂತ ಕೂತೆ. ಎಲ್ಲರಿಗಿಂತ ಹಿರಿಯ ಬಸ್ ಚಾಲಕರ ಸರದಿ ಬಂತು. ನಮ್ಮ ರಿಜಿಸ್ಟರ್‌ನಲ್ಲಿ ಅವರ ಹೆಸರಿನ ಮುಂದೆ 2034 ಅಂತ ಇತ್ತು. ಕಾರ್ಡಿನಲ್ಲಿ ನೋಡಿದರೆ ಎರಡು ದಿನಾಂಕ ಇದ್ದವು. ಎನ್‌ಟಿ ಅಂದರೆ ನಾನ್-ಟ್ರಾನ್ಸ್‌ಪೋರ್ಟ್, ಅದು 2034ರವರೆಗೆ. ಟಿಆರ್ ಅಂದರೆ ಟ್ರಾನ್ಸ್‌ಪೋರ್ಟ್, ಅದು ಮುಗಿದು ನಾಲ್ಕು ತಿಂಗಳಾಗಿತ್ತು.

"ಸರ್ರ, 2034ರ ತನಕ ಐತಲ್ರಿ," ಅಂದರು ಅವರು. ಆ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದೆ. ಕಾರ್ಡನ್ನು ಕಿಟಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮಾತೇ ಆಡಲಿಲ್ಲ. ತಪ್ಪು ಅವರದಲ್ಲ. ಅವರು ಜೆರಾಕ್ಸ್ ಕೊಟ್ಟಿದ್ದರು, ನಮ್ಮ ಕಚೇರಿ ದೊಡ್ಡ ಇಸವಿಯನ್ನು ಬರೆದುಕೊಂಡಿತ್ತು. ನಾಲ್ಕು ತಿಂಗಳು ಆ ಬಸ್ಸು ದಿನಾ ಐವತ್ತು ಮಕ್ಕಳನ್ನು ಹೊತ್ತು ಓಡಾಡಿದೆ.

ನಾವೇನು ಬಾಡಿಗೆ ತಗೊಳ್ಳಲ್ವಲ್ಲ, ನಮ್ಮದು ಹೇಗೆ ಟ್ರಾನ್ಸ್‌ಪೋರ್ಟ್ ಆಗುತ್ತೆ ಅಂತ ಒಬ್ಬರು ಕೇಳಿದರು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರಾನ್ಸ್‌ಪೋರ್ಟ್ ವಾಹನ ಅಂದರೆ ಯಾವುದು ಅಂತ ಹೇಳುವ ಜಾಗದಲ್ಲೇ ಶಿಕ್ಷಣ ಸಂಸ್ಥೆಯ ಬಸ್ಸೂ ಸೇರಿದೆ. ಬಾಡಿಗೆ ತಗೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ಇನ್ನೊಂದು ವಿಷಯ ಎಲ್ಲ ಕಾಲೇಜಿನವರಿಗೂ ಗೊತ್ತಿರಬೇಕು. ಮೊದಲು ಲೈಸೆನ್ಸ್ ಅವಧಿ ಮುಗಿದ ಮೇಲೂ 30 ದಿನ ಚಾಲ್ತಿಯಲ್ಲಿ ಇರುತ್ತಿತ್ತು. 2019ರ ತಿದ್ದುಪಡಿಯಲ್ಲಿ ಆ 30 ದಿನವನ್ನು ತೆಗೆದುಹಾಕಿದ್ದಾರೆ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಅವಧಿ ಮೂರು ವರ್ಷ ಇದ್ದದ್ದು ಐದು ವರ್ಷ ಆಯಿತು ನಿಜ, ಆದರೆ ಮುಗಿದ ದಿನಕ್ಕೆ ಮುಗಿಯಿತು.

ಆ ಹಿರಿಯ ಚಾಲಕರನ್ನು ಮನೆಗೆ ಕಳಿಸಲಿಲ್ಲ. ಬೊಲೆರೊಗೆ ಹಾಕಿದೆವು. 7,500 ಕೆಜಿ ಒಳಗಿನ ಗಾಡಿಗೆ ಸಾಮಾನ್ಯ ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಲೈಸೆನ್ಸೇ ಸಾಕು, ಅದು ಟ್ರಾನ್ಸ್‌ಪೋರ್ಟ್ ಗಾಡಿಯಾದರೂ ಸರಿ. ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದನ್ನು 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದಿದೆ. ದೊಡ್ಡ ಬಸ್ಸಿಗೆ ಮಾತ್ರ ಈ ಮಾತು ನಡೆಯಲ್ಲ. ಲೈಸೆನ್ಸಿಗೆಂದೇ ಇರುವ ಸರ್ಕಾರಿ ವೆಬ್‌ಸೈಟ್ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಡಾಕ್ಟರ್ ಸಹಿಯ ವೈದ್ಯಕೀಯ ಪ್ರಮಾಣಪತ್ರ ಫಾರಂ 1ಎ ಲಗತ್ತಿಸಿ, ಅವರ ಜೊತೆ ನಾನೇ ಆರ್‌ಟಿಒಗೆ ಹೋಗಿಬಂದೆ. ಈಗ ರಿಜಿಸ್ಟರ್‌ನಲ್ಲಿ ಎನ್‌ಟಿಗೆ ಒಂದು ಕಾಲಂ, ಟಿಆರ್‌ಗೆ ಒಂದು ಕಾಲಂ. ಟಿಆರ್ ಮುಗಿಯಲು 90 ದಿನ ಇದ್ದಾಗಲೇ ಆ ಸಾಲು ಕೆಂಪಾಗುತ್ತದೆ.

ವಾರ 3

ಫಾರಂ 1 ಅಂತ ಒಂದಿದೆ, ಲೈಸೆನ್ಸ್ ಮಾಡಿಸುವಾಗ ನಾವೆಲ್ಲ ಓದದೇ ಸಹಿ ಹಾಕುವಂಥದ್ದು. ಹಗಲು ಬೆಳಕಿನಲ್ಲಿ, ಕನ್ನಡಕ ಇದ್ದರೆ ಹಾಕಿಕೊಂಡು, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದೆಯೇ ಅಂತ ಅದರಲ್ಲಿ ಕೇಳುತ್ತಾರೆ. ಇದನ್ನು ನಾವೇ ಮಾಡಿ ನೋಡೋಣ ಅನ್ನಿಸಿತು.

ಶೆಡ್ ಮುಂದಿನ ಬೇವಿನ ಮರದಿಂದ ಟೇಪು ಹಿಡಿದು 25 ಮೀಟರ್ ಅಳೆದೆವು. ನೆಲಕ್ಕೆ ಸುಣ್ಣದ ಗೆರೆ ಎಳೆದು ಆ ಕಡೆ ಕಾರು ನಿಲ್ಲಿಸಿದೆವು. ಮೊದಲು ನಾನೇ ಓದಿದೆ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಒಂಬತ್ತು ಜನ ಸಲೀಸಾಗಿ ಓದಿದರು. ಒಬ್ಬರು ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ, 8 ಅನ್ನೋದನ್ನ 3 ಅಂದರು. ಇನ್ನೊಬ್ಬರು ಗೆರೆ ದಾಟಿ ಎರಡು ಹೆಜ್ಜೆ ಮುಂದೆ ಹೋದರು, ಹೋಗಿದ್ದು ಅವರಿಗೇ ಗೊತ್ತಾಗಲಿಲ್ಲ. "ಸಂಜಿಗೆ ಎದುರಿನ ಲೈಟು ಹೊಡದ್ರ ಒಡದಂಗ ಕಾಣಸ್ತಾವ್ರಿ ಸರ್ರ," ಅಂತ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಇಷ್ಟು ದಿನ ಹೇಳದೇ ಇದ್ದದ್ದು ಯಾಕೆ ಅಂದರೆ, ಹೊರಗುತ್ತಿಗೆ ಕೆಲಸ ನೋಡಿ, ಹೇಳಿದರೆ ಎಲ್ಲಿ ತೆಗೆದುಬಿಡುತ್ತಾರೋ ಅನ್ನೋ ಭಯ.

ಈ ಭಯ ಹೋಗದಿದ್ದರೆ ಎಷ್ಟು ನಿಯಮ ಬರೆದರೂ ಬರೀ ಹಾಳೆ. ಹಾಗಾಗಿ ಕುಲಸಚಿವರ ಹತ್ತಿರ ಕೂತು ಒಂದು ಸಾಲು ಬರೆಸಿಕೊಂಡೆ: ಆರೋಗ್ಯದ ತೊಂದರೆಯನ್ನು ತಾನಾಗಿಯೇ ಹೇಳಿದ ಚಾಲಕನ ಕೂಲಿ ಕಡಿತ ಇಲ್ಲ, ಚಿಕಿತ್ಸೆ ಮುಗಿಯುವ ತನಕ ಬೇರೆ ಕೆಲಸ. ಆರು ವಾರದಲ್ಲಿ ನನಗೆ ಜಾಸ್ತಿ ಸಮಾಧಾನ ಕೊಟ್ಟ ಕಾಗದ ಇದೇ.

ವಾರ 4

ಗಾಡಿಗಳ ಕಾಗದ. ಬಸ್ಸುಗಳ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಲ್ಲಾ ಸರಿ ಇತ್ತು. 2007ರ ಒಂದು ಜೀಪು ಮಾತ್ರ ನಿಲ್ಲಿಸಬೇಕಾಯಿತು. ಸರ್ಕಾರಿ ಮತ್ತು ಸ್ವಾಯತ್ತ ಸಂಸ್ಥೆಗಳ 15 ವರ್ಷ ದಾಟಿದ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣ ಆಗಲ್ಲ. ಕ್ಯಾಂಪಸ್ ಒಳಗಷ್ಟೇ ಓಡಿಸ್ತೀವಿ ಅಂತ ಒಂದು ವಿಭಾಗದವರು ಕೇಳಿದರು. ಒಪ್ಪಲಿಲ್ಲ. ಕ್ಯಾಂಪಸ್ ರಸ್ತೆಯಲ್ಲೂ ಮಕ್ಕಳು ನಡೆದಾಡ್ತಾರೆ ಅಲ್ವಾ?

ವಾರ 5

ಪ್ರವಾಸದ ನಿಯಮಕ್ಕೆ ಸಭೆ ಕರೆದಿದ್ದೆ, ಎರಡು ಗಂಟೆ ಜಗ್ಗಾಟ ನಡೆಯಿತು. ಕಾರವಾರಕ್ಕೆ ಹೋಗಿ ಅದೇ ರಾತ್ರಿ ಅರಬೈಲು ಘಟ್ಟ ಹತ್ತಿ ವಾಪಸ್ ಬರೋದು ನಮ್ಮಲ್ಲಿ ಮೊದಲಿಂದ ನಡೆದುಬಂದ ರೂಢಿ. ಲಾಡ್ಜ್ ಖರ್ಚು ಉಳಿಯುತ್ತೆ ಅನ್ನೋದೇ ಕಾರಣ. ಬೆಳಗ್ಗೆ ಐದಕ್ಕೆ ಬಸ್ ತೆಗೆದ ಚಾಲಕ ರಾತ್ರಿ ಹನ್ನೊಂದಕ್ಕೆ ಘಟ್ಟದ ತಿರುವಿನಲ್ಲಿ ಇರುತ್ತಾನೆ. ಮಕ್ಕಳು ಸಮುದ್ರದ ಹತ್ತಿರ ಆಡುವಾಗ ಅವನು ಸೀಟಿನ ಮೇಲೆ ಒರಗಿ ಕಣ್ಣು ಮುಚ್ಚಿದ್ದನ್ನು ನಾವು ನಿದ್ದೆ ಅಂತ ಲೆಕ್ಕ ಹಾಕುತ್ತೇವೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಇಟ್ಟಿದ್ದ ಮಿತಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಕೊನೆಗೆ ಒಪ್ಪಿದ್ದು ಇಷ್ಟು: ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಬಸ್ಸು ರಸ್ತೆಯಲ್ಲಿ ಇರಬಾರದು, 8 ಗಂಟೆ ಮೀರುವ ದಾರಿಗೆ ಇಬ್ಬರು ಚಾಲಕರು, ಅವರ ಮಲಗುವ ವ್ಯವಸ್ಥೆ ಪ್ರವಾಸದ ಖರ್ಚಿನಲ್ಲೇ ಸೇರಬೇಕು.

ವಾರ 6

ಅನುಮತಿ ಕಾರ್ಡು ಅಚ್ಚಾಗಿ ಬಂತು. ಫೋಟೋ, ಓಡಿಸಬಹುದಾದ ಗಾಡಿಗಳು, ಎನ್‌ಟಿ-ಟಿಆರ್ ದಿನಾಂಕ ಇವೆ. ಕಾರ್ಡಿನ ಅವಧಿ ಒಂದು ವರ್ಷ. ಸಂಶೋಧನಾ ವಿದ್ಯಾರ್ಥಿಗಳಿಗೂ ಕೊಡುತ್ತೇವೆ, ಸುಮ್ನೆ ಅಲ್ಲ. ಎರಡು ವರ್ಷ ಹಳೆಯ ಲೈಸೆನ್ಸ್ ಇರಬೇಕು, ವಿಭಾಗದ ಮುಖ್ಯಸ್ಥರ ಪತ್ರ ಬೇಕು, ನಮ್ಮ ಹಿರಿಯ ಚಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗಂಟೆ ಓಡಿಸಿ ತೋರಿಸಬೇಕು. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟರೆ ಮಾಲೀಕನಿಗೇ ಮೂರು ತಿಂಗಳವರೆಗೆ ಜೈಲು ಆಗಬಹುದು, ವಿಮೆ ಕಂಪನಿ ಗಾಯಗೊಂಡವರಿಗೆ ಕೊಟ್ಟ ಹಣವನ್ನು ಮಾಲೀಕನಿಂದಲೇ ವಸೂಲಿ ಮಾಡಬಹುದು ಅಂತ ವಿಭಾಗದ ಮುಖ್ಯಸ್ಥರಿಗೆಲ್ಲ ಪತ್ರ ಬರೆದಿದ್ದೇನೆ.

ಹಿರಿಯ ಚಾಲಕರ ಟಿಆರ್ ನವೀಕರಣ ಆಗಿ ಬಂದಿದೆ, ಸೋಮವಾರದಿಂದ ಮತ್ತೆ ಬಸ್ಸಿಗೆ. 8ನ್ನು 3 ಅಂದವರಿಗೆ ಕನ್ನಡಕ ಬಂತು, ಮೊನ್ನೆ ಅದೇ ಸುಣ್ಣದ ಗೆರೆ ಮೇಲೆ ನಿಂತು ಪೂರ್ತಿ ನಂಬರ್ ಓದಿದರು. ಇನ್ನೊಬ್ಬರಿಗೆ ಪೊರೆ ಬಂದಿದೆ ಅಂತ ಡಾಕ್ಟರ್ ಹೇಳಿದ್ದಾರೆ, ಬರುವ ತಿಂಗಳು ಆಪರೇಷನ್. ಅಲ್ಲಿಯವರೆಗೆ ಕೀ ಕಪಾಟು ಅವರದ್ದೇ ಕೈಯಲ್ಲಿ. ಬೊಲೆರೊ ಓಡಿಸಿಕೊಂಡು ಬಂದಿದ್ದ ಹುಡುಗ ಇವತ್ತು ಬೆಳಗ್ಗೆ ಕೀ ಕೇಳಲು ಬಂದಿದ್ದ. "ಕಾರ್ಡ್ ತೋರ್ಸಪಾ" ಅಂದರು ಅವರು. ಅವನ ಓಡಿಸಿ ತೋರಿಸುವ ಪರೀಕ್ಷೆ ಗುರುವಾರ ಇದೆ.