ಅಡಿಕೆ ಯಾರದು, ತಂದವರು ಯಾರು?

ನಮ್ಮ ಕಾಸರಗೋಡಿನ ಸಣ್ಣ ಸಣ್ಣ ಸಹಕಾರಿ ಸಂಘಗಳಿಗೂ ಈಗ ಸ್ವಂತ ಸಾಫ್ಟ್‌ವೇರ್ ಬೇಕು. ಬೇಕಾದದ್ದೇ. ಆದರೆ ಮೊದಲ ಮೀಟಿಂಗಿನಲ್ಲಿ ಬರುವ ಪ್ರಶ್ನೆಗಳು ಯಾವಾಗಲೂ ಒಂದೇ: ಮೊಬೈಲ್‌ನಲ್ಲಿ ಬರ್ತದಾ, ಎಷ್ಟು ಖರ್ಚು, ಯಾವಾಗ ಕೊಡ್ತೀರಿ. ಈಗ ಕೆಲಸ ಹೇಗೆ ನಡೆಯುತ್ತಿದೆ ಅಂತ ಅವರು ಹೇಳುವುದಿಲ್ಲ, ಸಾಫ್ಟ್‌ವೇರ್ ಮಾಡಲು ಬಂದ ಹುಡುಗರು ಕೇಳುವುದೂ ಇಲ್ಲ. ಇಂಥ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವುದೇ ನನ್ನ ಕೆಲಸ. ನನ್ನ ಮಟ್ಟಿಗೆ ಅದರಲ್ಲಿ ಕೋಡ್ ಬರೆಯುವುದು ಸುಲಭದ ಭಾಗ. ಜನ ನಿಜವಾಗಿ ಏನು ಮಾಡುತ್ತಾರೆ ಅಂತ ಕೂತು ನೋಡುವುದೇ ಕಷ್ಟ, ಉಳಿದದ್ದೆಲ್ಲ ಅದರ ಮೇಲೇ ನಿಂತಿರುವುದು. ಬಿಸಿಎ ಓದುವ ಮಕ್ಕಳು ಇದನ್ನೇ ಸಿಸ್ಟಮ್ ಅನಾಲಿಸಿಸ್ ಅಂಡ್ ಡಿಸೈನ್ ಅಂತ ಒಂದು ಪೇಪರ್ ಬರೆದು ಮರೆತುಬಿಡುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬದಿಯಡ್ಕ ಕಡೆಯ ಒಂದು ಅಡಿಕೆ ಖರೀದಿ ಕೌಂಟರ್ ತೆಗೆದುಕೊಳ್ಳಿ. ಸೆಕ್ರೆಟರಿಯವರು ಕೆಲಸವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದರು: ಸದಸ್ಯರು ಅಡಿಕೆ ತರುತ್ತಾರೆ, ತೂಕ ಹಾಕುತ್ತೇವೆ, ಅವತ್ತಿನ ರೇಟಿಗೆ ದುಡ್ಡು ಕೊಡುತ್ತೇವೆ. ಅಷ್ಟೂ ನಿಜ. ಆದರೆ ತೂಕದ ಪುಸ್ತಕ ತೆರೆದು ನೋಡಿದರೆ ಕೆಲವು ಸಾಲುಗಳ ಪಕ್ಕ ಪೆನ್ಸಿಲಿನಲ್ಲಿ ಇನ್ನೊಂದು ಹೆಸರು.

"ಇದು ಎಂತ ಅಣ್ಣಾ?" ಅಂತ ತೂಕ ಮಾಡುವವರನ್ನು ಕೇಳಿದೆ.

"ಅದು ತಂದವರ ಹೆಸರು ಅಕ್ಕಾ. ಅಡಿಕೆ ಅಮ್ಮನದ್ದು, ತಂದದ್ದು ಮಗ. ದುಡ್ಡು ಅಮ್ಮನ ಖಾತೆಗೇ ಹೋಗಬೇಕು, ಇಲ್ಲದಿದ್ರೆ ನಾಳೆ ಮನೆಯಲ್ಲಿ ಜಗಳ."

ನೋಡಿ, ಆ ಪೆನ್ಸಿಲ್ ಗುರುತಿಗೆ ಛಾಪಿಸಿದ ಪುಸ್ತಕದಲ್ಲಿ ಕಾಲಂ ಇಲ್ಲ. ನಿಯಮದಲ್ಲೂ ಇಲ್ಲ. ಆದರೆ ಅದಿಲ್ಲದೆ ಕೌಂಟರ್ ನಡೆಯುವುದಿಲ್ಲ. ಅಡಿಕೆಯ ಒಡೆಯರು ಬೇರೆ, ತಂದವರು ಬೇರೆ, ಕೆಲವೊಮ್ಮೆ ದುಡ್ಡು ಹೋಗುವ ಖಾತೆ ಮೂರನೆಯವರದ್ದು. ಡೇಟಾಬೇಸಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ಜಾಗ ಬೇಕು. ಸುಮ್ನೆ 'ಸದಸ್ಯರ ಹೆಸರು' ಅಂತ ಒಂದು ಕಾಲಂ ಇಟ್ಟರೆ ಆ ಪೆನ್ಸಿಲ್ ಹೆಸರು ಮತ್ತೆ ಪುಸ್ತಕಕ್ಕೇ ವಾಪಸ್ ಹೋಗುತ್ತದೆ. ಆಮೇಲೆ ಸಂಘದಲ್ಲಿ ಕಂಪ್ಯೂಟರೂ ಇರುತ್ತದೆ, ಪುಸ್ತಕವೂ ಇರುತ್ತದೆ, ನಿಜ ಮಾತ್ರ ಪುಸ್ತಕದಲ್ಲಿರುತ್ತದೆ.

ಹಾಗಾಗಿ ನಾನು ಹೇಳುವುದು, ಸಂದರ್ಶನ ಮಾಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಬರೆದ ಪುಸ್ತಕಗಳನ್ನು ನೋಡಿ, ಅಂಚಿನಲ್ಲಿ ಬರೆದದ್ದು, ಹೊಡೆದು ಹಾಕಿ ತಿದ್ದಿದ್ದು, ಹಿಂದಿನ ಪುಟಕ್ಕೆ ಪಿನ್ ಹಾಕಿದ ಚೀಟಿ, ಎಲ್ಲವನ್ನೂ. ನಿಯಮ ಎಲ್ಲಿ ಸಾಲದೆ ಹೋಗಿದೆ ಅಂತ ಅಲ್ಲಿ ಕಾಣುತ್ತದೆ.

ನೋಡಿದ ಮೇಲೆ ಚಿತ್ರ ಬರೆಯಬೇಕು. ಡೇಟಾ ಫ್ಲೋ ಡಯಾಗ್ರಾಂ ಅಂತಾರಲ್ಲ, ಅದು 1970ರ ದಶಕದ ಕೊನೆಗೆ ಟಾಮ್ ಡಿಮಾರ್ಕೊ ಮುಂತಾದವರಿಂದ ಬಳಕೆಗೆ ಬಂದದ್ದು. ಯಾವ ಕಾಗದ ಎಲ್ಲಿಂದ ಬರುತ್ತದೆ, ಅದರ ಮೇಲೆ ಯಾರು ಏನು ಮಾಡುತ್ತಾರೆ, ಎಲ್ಲಿ ಹೋಗಿ ಕೂರುತ್ತದೆ ಅಂತ ಬಾಣ ಹಾಕಿ ತೋರಿಸುವುದು, ಇಷ್ಟೇ. ಹಳತು ಅಂತ ಬಿಡಬೇಡಿ. ಇದರಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬರುವುದು ಒಂದು ಸಣ್ಣ ಪರೀಕ್ಷೆ: ಯಾವುದಾದರೂ ಪುಸ್ತಕಕ್ಕೆ ಬಾಣ ಒಳಗೆ ಹೋಗುತ್ತದೆ, ಹೊರಗೆ ಬರುವುದೇ ಇಲ್ಲ ಅಂತಾದರೆ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಒಂದೋ ಓದುವವರು ಯಾರು ಅಂತ ನಮಗೆ ಗೊತ್ತಾಗಿಲ್ಲ, ಅಥವಾ ಆ ಪುಸ್ತಕವನ್ನು ನಿಜವಾಗಿಯೂ ಯಾರೂ ಓದುವುದಿಲ್ಲ. ಎರಡನೆಯದಾದರೆ ಅದನ್ನು ಕಂಪ್ಯೂಟರಿಗೆ ಹಾಕುವ ಮೊದಲು ಬೇಕಾ ಅಂತ ಕಮಿಟಿಯನ್ನು ಕೇಳಿ.

ಇನ್ನು ಟೇಬಲ್ಲುಗಳ ವಿಷಯ. 1970ರಲ್ಲಿ ಎಡ್ಗರ್ ಕಾಡ್ ಮಾಹಿತಿಯನ್ನು ಸಾಲು, ಕಾಲಂ ಇರುವ ಟೇಬಲ್ಲುಗಳಲ್ಲಿ ಇಡುವ ರಿಲೇಷನಲ್ ಮಾದರಿ ಕೊಟ್ಟರು, 1976ರಲ್ಲಿ ಪೀಟರ್ ಚೆನ್ ಯಾವುದಕ್ಕೆ ಯಾವುದರ ಜೊತೆ ಸಂಬಂಧ ಅಂತ ತೋರಿಸುವ ಎಂಟಿಟಿ ರಿಲೇಷನ್‌ಶಿಪ್ ಚಿತ್ರ ಕೊಟ್ಟರು. ಇವತ್ತಿಗೂ ನಾವು ಬಳಸುವುದು ಅದನ್ನೇ. ಒಬ್ಬರು ತಂದ ಗೋಣಿಯಲ್ಲಿ ಒಂದೇ ತರದ ಅಡಿಕೆ ಇರುವುದಿಲ್ಲ. ಸುರಿದು ನೋಡಿದರೆ ಒಳ್ಳೆ ಚಾಲಿ ಉಂಟು, ಪಟೋರ ಉಂಟು, ಉಳ್ಳಿ ಉಂಟು, ಕರಿಗೋಟು ಉಂಟು, ಎಲ್ಲ ಅಡಿಕೆಯ ವರ್ಗಗಳೇ, ಒಂದೊಂದಕ್ಕೂ ಬೇರೆ ರೇಟು. ಅಂದರೆ ಆವಕ ಚೀಟಿ ಒಂದು, ಅದರ ಕೆಳಗೆ ಸಾಲುಗಳು ಹಲವು. ಇದು ಎಲ್ಲರಿಗೂ ಬೇಗ ಹೊಳೆಯುತ್ತದೆ.

ಹೊಳೆಯದೆ ಉಳಿಯುವುದು ಹೊಸ ಅಡಿಕೆ ಮತ್ತು ಹಳೆ ಅಡಿಕೆ. ನಮ್ಮಲ್ಲಿ ಹೊಸತು, ಹಳತು ಅಂತ ಎರಡು ರೇಟು ಇರುತ್ತದೆ, ಸಾಮಾನ್ಯವಾಗಿ ಹಳತಕ್ಕೆ ಜಾಸ್ತಿ. ಹೊಸತು ಅಂತ ಕೊಂಡ ಅಡಿಕೆ ಗೋಡೌನಿನಲ್ಲಿ ಕೂತು ಹಂಗಾಮು ದಾಟಿದರೆ ಅದೇ ಹಳತು. ಯಾರೂ ಮುಟ್ಟಲಿಲ್ಲ, ಆದರೂ ವರ್ಗ ಬದಲಾಯಿತು! ಜೊತೆಗೆ ಒಣಗಿ ತೂಕವೂ ಕಡಿಮೆಯಾಗಿರುತ್ತದೆ. ಈಗ ಹೇಳಿ, 'ಹೊಸತು' ಅನ್ನುವುದನ್ನು ಎಲ್ಲಿ ಬರೆದಿಡುತ್ತೀರಿ? ಸರಕಿನ ಹೆಸರಿನಲ್ಲೇ ಇಟ್ಟು, ಆಮೇಲೆ ಅದನ್ನೇ ತಿದ್ದಿ 'ಹಳತು' ಮಾಡಿದರೆ ಖರೀದಿ ಮಾಡಿದ ದಿನದ ಬಿಲ್ಲೂ ಬದಲಾಗಿ ಕಾಣುತ್ತದೆ, ರೈತರಿಗೆ ಕೊಟ್ಟ ದುಡ್ಡಿಗೂ ಲೆಕ್ಕಕ್ಕೂ ತಾಳೆ ಆಗುವುದಿಲ್ಲ. ಕೊಂಡಾಗಿನ ವರ್ಗ ಖರೀದಿ ಸಾಲಿನಲ್ಲೇ ಉಳಿಯಬೇಕು. ಯಾವ ದಿನ, ಯಾವ ದಾಸ್ತಾನು, ಯಾರ ತೀರ್ಮಾನದಿಂದ ಹಳತಕ್ಕೆ ಸೇರಿತು ಅನ್ನುವುದು ಬೇರೆಯೇ ಒಂದು ದಾಖಲೆ. ಒಣಗಿದ ನಷ್ಟಕ್ಕೂ ಹಾಗೆಯೇ ದಿನಾಂಕ ಹಾಕಿದ ಎಂಟ್ರಿ. ರೇಟನ್ನೂ ಅಳಿಸಿ ಬರೆಯಬಾರದು, ದಿನಕ್ಕೊಂದು ಸಾಲಾಗಿ ಸೇರಿಸುತ್ತಾ ಹೋಗಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ಆಗ ತೆರಿಗೆ ದರವನ್ನು ಕೋಡಿನ ಒಳಗೇ ಬರೆದಿಟ್ಟವರಿಗೂ ಬೇರೆ ಟೇಬಲ್ಲಿನಲ್ಲಿ ದಿನಾಂಕದ ಜೊತೆ ಇಟ್ಟವರಿಗೂ ಆದ ಕೆಲಸದ ವ್ಯತ್ಯಾಸ ತುಂಬಾ ದೊಡ್ಡದು.

ಈ ನೋಡುವ ಕೆಲಸ ಕಂಪ್ಯೂಟರಿನಷ್ಟೇ ಹಳೆಯದು. ವ್ಯಾಪಾರದ ಲೆಕ್ಕಕ್ಕೆ ಕಂಪ್ಯೂಟರ್ ಮೊದಲು ಬಳಸಿದ್ದು ಬ್ರಿಟನ್ನಿನ ಜೆ. ಲಯನ್ಸ್ ಅನ್ನುವ ಚಹಾದಂಗಡಿ ಕಂಪೆನಿ, 1951ರಲ್ಲಿ. ಯಂತ್ರದ ಹೆಸರು ಲಿಯೋ. ಆ ಕಂಪೆನಿಯ ಡೇವಿಡ್ ಕ್ಯಾಮಿನರ್ ಮತ್ತು ಅವರ ಜೊತೆಗಾರರು ಅಂಗಡಿಗಳ ಕೆಲಸವನ್ನೇ ಅಭ್ಯಾಸ ಮಾಡಿದರು. ಪ್ರತಿ ಅಂಗಡಿಗೂ ವಾರದ ಆಯಾ ದಿನಕ್ಕೆ ಒಂದು ಮಾಮೂಲಿ ಆರ್ಡರ್ ಇಟ್ಟುಕೊಂಡರು. ಅಂಗಡಿ ನೋಡಿಕೊಳ್ಳುವ ಹೆಂಗಸು ಫೋನಿನಲ್ಲಿ ಬದಲಾವಣೆ ಮಾತ್ರ ಹೇಳಿದರೆ ಸಾಕು, ಉಳಿದದ್ದು ಯಂತ್ರಕ್ಕೆ ಗೊತ್ತು. ಎಷ್ಟು ಚೆನ್ನಾದ ಯೋಚನೆ ಅಲ್ವಾ! ಅಂಗಡಿಯ ದಿನಚರಿ ಗೊತ್ತಿದ್ದವರಿಗಷ್ಟೇ ಅದು ಹೊಳೆಯಲು ಸಾಧ್ಯ. ಇದಕ್ಕೆ ವಿರುದ್ಧದ್ದು 1992ರ ಅಕ್ಟೋಬರ್ 26ರಂದು ಲಂಡನ್ ಆಂಬುಲೆನ್ಸ್ ಸೇವೆಯಲ್ಲಿ, ಗಾಡಿಗಳನ್ನು ಕಳುಹಿಸಲು ಹೊಸ ಕಂಪ್ಯೂಟರ್ ವ್ಯವಸ್ಥೆ ಶುರು ಮಾಡಿದಾಗ ನಡೆದದ್ದು. ಗಾಡಿ ಎಲ್ಲಿದೆ ಅನ್ನುವ ಮಾಹಿತಿ ತಪ್ಪಾಗುತ್ತಾ ಹೋಯಿತು, ಕರೆಗಳು ರಾಶಿ ಬಿದ್ದವು, ಕೆಲವೇ ದಿನಗಳಲ್ಲಿ ಮತ್ತೆ ಕಾಗದಕ್ಕೇ ಮರಳಬೇಕಾಯಿತು. ಸಾಕಷ್ಟು ಪರೀಕ್ಷೆ ಮಾಡಿರಲಿಲ್ಲ, ಗಾಡಿಯವರಿಗೆ ಸರಿಯಾದ ತರಬೇತಿ ಇರಲಿಲ್ಲ, ಅವರನ್ನು ವಿಶ್ವಾಸಕ್ಕೆ ತೆಗೆದುಕೊಂಡಿರಲಿಲ್ಲ.

ನಮ್ಮ ಜಿಲ್ಲೆಗೇ ಸೇರಿದ ಒಂದು ವಿಷಯ ಉಂಟು, ಅದು ಹೆಸರು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಹಾಗಾಗಿ ಎಷ್ಟೋ ಮನೆಗಳಲ್ಲಿ ಹಳೆ ಕಾಗದ ಕನ್ನಡದಲ್ಲಿ, ರೇಷನ್ ಕಾರ್ಡ್ ಮಲಯಾಳದಲ್ಲಿ, ಬ್ಯಾಂಕ್ ಪಾಸ್‌ಬುಕ್ ಇಂಗ್ಲಿಷಿನಲ್ಲಿ. ಭಟ್ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಬ್ಬರು ಒಂದು 'ಟಿ' ಹಾಕುತ್ತಾರೆ, ಇನ್ನೊಬ್ಬರು ಎರಡು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರು, ಗುರುತು ಹಿಡಿಯುವುದು ಮನೆಯ ಹೆಸರಿನಿಂದ. ಹೊರಗಿನಿಂದ ತಂದ ರೆಡಿಮೇಡ್ ಸಾಫ್ಟ್‌ವೇರಿನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಕಾಲಂ ಇರುತ್ತದೆ, ಮನೆ ಹೆಸರಿಗೆ ಜಾಗವೇ ಇಲ್ಲ. ನಾನು ಈಗ ಇಡುವುದು ಹೀಗೆ: ಗುರುತಿಗೆ ಸದಸ್ಯ ಸಂಖ್ಯೆ ಮಾತ್ರ. ಹೆಸರು ಕನ್ನಡದಲ್ಲಿ ಒಂದು, ಬ್ಯಾಂಕಿನಲ್ಲಿ ಇರುವ ಹಾಗೆ ಇಂಗ್ಲಿಷಿನಲ್ಲಿ ಒಂದು, ಬೇಕಾದವರಿಗೆ ಮಲಯಾಳದಲ್ಲಿ ಇನ್ನೊಂದು, ಮನೆ ಹೆಸರು ಬೇರೆಯೇ. ಯಾವುದರಿಂದ ಹುಡುಕಿದರೂ ಸಿಗಬೇಕು. ಹಳೆ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಮೊದಲು ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಬದಲಿಸಿ, ಆಮೇಲೆ ಒತ್ತಕ್ಷರಗಳನ್ನು ಕಣ್ಣಿನಿಂದಲೇ ಒಮ್ಮೆ ನೋಡಿ.

ಚೀಟಿ ಕನ್ನಡದಲ್ಲಿ ಬರಬೇಕು ಅನ್ನುವುದರಲ್ಲಿ ಮಾತ್ರ ನನಗೆ ರಾಜಿ ಇಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಇಲ್ಲಿಯ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು ಅನ್ನುತ್ತದೆ. ಹಾಗಿರುವಾಗ ತನ್ನ ಅಡಿಕೆ ಎಷ್ಟು ಕಿಲೋ, ಯಾವ ವರ್ಗ, ಎಷ್ಟು ಕಡಿತ ಅಂತ ಸ್ವಂತ ಸಂಘದ ಚೀಟಿಯಲ್ಲಿ ಓದಲಾಗದೆ ಒಬ್ಬ ಅಜ್ಜ ಇನ್ನೊಬ್ಬರನ್ನು ಕೇಳಬೇಕಾದರೆ ಆ ಡಿಸೈನ್ ಸರಿ ಇಲ್ಲ.

ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಇದು, ಜೂನ್ ಜುಲೈಯಲ್ಲಿ ಕರೆಂಟ್ ಹೋದರೆ ಬರುವ ಹೊತ್ತು ಹೇಳಲಾಗದು. ನೆಟ್ ಇಲ್ಲದಾಗಲೂ ತೂಕ ಬರೆದು ಚೀಟಿ ಕೊಡುವ ಹಾಗಿರಬೇಕು, ಲೈನ್ ಬಂದ ಮೇಲೆ ತಾನಾಗಿ ಸರ್ವರಿಗೆ ಸೇರಬೇಕು. ಇದನ್ನು ಕೊನೆಗೆ ಅಂಟಿಸಲು ಬರುವುದಿಲ್ಲ. ಎರಡು ಕೌಂಟರಿನಲ್ಲಿ ಒಂದೇ ಚೀಟಿ ಸಂಖ್ಯೆ ಹುಟ್ಟದ ಹಾಗೆ ಮೊದಲ ದಿನವೇ ಯೋಚಿಸಿರಬೇಕು.

ಎಲ್ಲ ತಯಾರಾದ ಮೇಲೆ ಪುಸ್ತಕವನ್ನು ಕೂಡಲೇ ಮುಚ್ಚಿಸಬೇಡಿ. ಅಡಿಕೆ ಜಾಸ್ತಿ ಬರುವ ಹಂಗಾಮಿನಲ್ಲಿ ಎರಡನ್ನೂ ಜೊತೆಗೆ ನಡೆಸಿ, ಸಂಜೆ ತಾಳೆ ನೋಡಿ. ತೂಕದ ಅಣ್ಣನಿಗೆ ಇದು ಎರಡು ಪಟ್ಟು ಕೆಲಸ, ಅವರಿಗೆ ಒಬ್ಬ ಸಹಾಯಕರನ್ನು ಕೊಡಿಸಲು ಕಮಿಟಿಯ ಹತ್ತಿರ ಮೊದಲೇ ಕೇಳಿಕೊಳ್ಳಿ. ವ್ಯತ್ಯಾಸ ಬಂದಾಗ ಪುಸ್ತಕವೇ ತಪ್ಪು ಅಂತ ಹೊರಡಬೇಡಿ, ಆ ಸಾಲನ್ನು ಬರೆದವರ ಹತ್ತಿರ ಹೋಗಿ ಯಾಕೆ ಹಾಗೆ ಬರೆದರು ಅಂತ ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ, ಟೇಬಲ್ ಬದಲಿಸಬೇಕಾದರೆ ಬದಲಿಸಿ. ಪುಸ್ತಕದ ಅಂಚಿನಲ್ಲಿ ಹೊಸದಾಗಿ ಏನೂ ಬರೆಯದೆ ಕೌಂಟರ್ ನಡೆಯತೊಡಗಿದ ಮೇಲೆ ಪುಸ್ತಕ ನಿಲ್ಲಿಸುವ ಮಾತು ತೆಗೆಯಿರಿ.